ಪದಚರ್ಚೆ: ‘ಎಕ್ಸ್‌ಪೋಶರ್’ಗೆ ಏನನ್ನಬೇಕು? ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು

ಸುಮಾ:

ಎಲ್ಲರಿಗೂ ನಮಸ್ಕಾರ.

ಗದಗದಲ್ಲಿ ಕಾಲೇಜು ಹುಡುಗ ಹುಡುಗಿಯರಿಗೆ ಕಿರುಚಿತ್ರದ ಶಿಬಿರ ಇಟ್ಟುಕೊಂಡಿದ್ದೇವೆ. ಕೈಯಲ್ಲಿರುವುದು ಅವರವರ ಮೊಬೈಲು, ಒಂದು ಹಳೇ ಕ್ಯಾಮೆರಾ, ಎರಡು ಎಲ್‌ಇಡಿ ದೀಪ, ಒಂದಿಷ್ಟು ಥರ್ಮಾಕೋಲ್. ದುಡ್ಡಿನ ಮಾತು ಬೇಡ. ಬೆಳಕಿನ ಪಾಠ ನನ್ನ ಪಾಲಿಗೆ ಬಂದಿದೆ. ಗೋಡೆಗೆ ಅಂಟಿಸಲು ದೊಡ್ಡ ಅಕ್ಷರದ ಚಾರ್ಟ್ ಮಾಡಿಸುತ್ತಿದ್ದೇನೆ. ಪಾಠವೆಲ್ಲ ಕನ್ನಡದಲ್ಲೇ.

ಎಕ್ಸ್‌ಪೋಶರ್ ಅಂದರೆ ಚಿತ್ರ ತೆಗೆಯುವಾಗ ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿತ್ತು ಅನ್ನುವುದು. ಬೇಕಾದ ಪದಗಳು: ಎಕ್ಸ್‌ಪೋಶರ್, ಓವರ್ ಎಕ್ಸ್‌ಪೋಶರ್, ಅಂಡರ್ ಎಕ್ಸ್‌ಪೋಶರ್, ಅಪರ್ಚರ್, ಕೀ ಲೈಟ್, ಫಿಲ್ ಲೈಟ್, ಬ್ಯಾಕ್ ಲೈಟ್, ಬೌನ್ಸ್, ಡಿಫ್ಯೂಶನ್, ಫ್ಲಿಕರ್.

ಯಂತ್ರಾನುವಾದಕ್ಕೆ ಹಾಕಿ ನೋಡಿದೆ. ಎಕ್ಸ್‌ಪೋಶರ್‌ಗೆ ‘ಮಾನ್ಯತೆ’ ಅಂತ ಬಂತು. ಎಕ್ಸ್‌ಪೋಶರ್ ಕಾಂಪನ್ಸೇಶನ್‌ಗೆ ‘ಮಾನ್ಯತೆ ಪರಿಹಾರ’! ಇದನ್ನು ಕಾಲೇಜಿನ ಗೋಡೆಗೆ ಅಂಟಿಸಿದರೆ ಪ್ರಿನ್ಸಿಪಾಲರು ನನ್ನನ್ನು ಕರೆಸುತ್ತಾರೆ.

ಇಂಗ್ಲಿಷ್ ಪದವನ್ನೇ ಇಡಿ ಎನ್ನುವವರಿಗೆ ಮೊದಲೇ ಹೇಳುತ್ತೇನೆ. ಹೋದ ಸಲ ಇಟ್ಟು ನೋಡಿದೆ. ‘ಮುಖವನ್ನು ಸರಿಯಾಗಿ ಎಕ್ಸ್‌ಪೋಸ್ ಮಾಡಿ’ ಅಂದ ತಕ್ಷಣ ಹಿಂದಿನ ಬೆಂಚು ನಕ್ಕಿತು. ಸಿನಿಮಾ ಪುಟಗಳು ಆ ಪದಕ್ಕೆ ಬೇರೆಯದೇ ಅರ್ಥ ಕೊಟ್ಟಾಗಿದೆ. ಮೇಲಾಗಿ ‘ಹಳ್ಳಿ ಹುಡುಗರಿಗೆ ಎಕ್ಸ್‌ಪೋಶರ್ ಕಡಿಮೆ’ ಅಂತ ಅದೇ ಹುಡುಗರ ಎದುರಿಗೇ ದಿನಾ ಹೇಳುತ್ತಿರುತ್ತಾರೆ. ಆ ಪದ ಅವರಿಗೆ ಬೈಗುಳದ ಹಾಗೆ ಕೇಳಿಸುತ್ತದೆ.

ನಾಳೆ ಸಂಜೆ ಐದಕ್ಕೆ ಫೈಲ್ ಕೊಡಬೇಕು. ದಯವಿಟ್ಟು.

ಎನ್ಆರ್:

ಎಕ್ಸ್‌ಪೋಶರ್ = ಉದ್ಭಾಸನ. ಓವರ್ = ಅತ್ಯುದ್ಭಾಸನ. ಅಂಡರ್ = ನ್ಯೂನೋದ್ಭಾಸನ. ಅಪರ್ಚರ್ = ದ್ಯುತಿರಂಧ್ರ. ಕೀ = ಪ್ರಧಾನ ದೀಪ. ಫಿಲ್ = ಪೂರಕ ದೀಪ. ಬ್ಯಾಕ್ = ಪೃಷ್ಠ ದೀಪ. ಬೌನ್ಸ್ = ಪ್ರತಿಫಲನ. ಡಿಫ್ಯೂಶನ್ = ವಿಸರಣ. ಫ್ಲಿಕರ್ = ಸ್ಫುರಣ.

ಪಾರಿಭಾಷಿಕ ಪದ ಒಂದೇ ಅರ್ಥ ಕೊಡಬೇಕು. ಆಡುಮಾತಿನ ಪದ ಹತ್ತು ಅರ್ಥ ಹೊತ್ತುಕೊಂಡು ಬರುತ್ತದೆ. ಹೆಚ್ಚಿನ ಚರ್ಚೆ ಅನಗತ್ಯ.

ಚನ್ನ:

> ಪೃಷ್ಠ ದೀಪ

ಮೇಶ್ಟ್ರೇ, ಹಿಂದಿನ ಬೆಂಚು ಎಕ್ಸ್‌ಪೋಸ್ ಅಂದಿದ್ದಕ್ಕೇ ನಕ್ಕಿತಂತೆ. ಇದಕ್ಕೆ ಎದ್ದು ಕುಣಿಯುತ್ತದೆ.

ಬ್ಯಾಕ್ ಲೈಟ್ ಅಂದರೆ ಹಿಂಬೆಳಕು. ಹಿಂಬಾಗಿಲು, ಹಿಂಗಾಲು ಇದ್ದ ಹಾಗೆ. ಇದರಲ್ಲಿ ಕೇಳುವುದೇನಿದೆ? ಉಳಿದವು:

ಎಕ್ಸ್‌ಪೋಶರ್: ಬೆಳಕೊಡ್ಡಿಕೆ. ಓವರ್: ಹೆಚ್ಚೊಡ್ಡಿಕೆ. ಅಂಡರ್: ಕೊರೆಯೊಡ್ಡಿಕೆ. ಅಪರ್ಚರ್: ಬೆಳಕಿಂಡಿ. ಕೀ: ಮೇಲ್ಬೆಳಕು. ಫಿಲ್: ತುಂಬುಬೆಳಕು. ಬೌನ್ಸ್: ಪುಟಿಬೆಳಕು. ಫ್ಲಿಕರ್: ಮಿಣುಕು.

‘ಕಿರುಚಿತ್ರ’ವೂ ಬೇಡ, ‘ಕಿರು ಓಡುತಿಟ್ಟ’ ಸಾಕು. ಮಂದಿಯ ಬಾಯಲ್ಲಿ ಇಲ್ಲದ ಮಹಾಪ್ರಾಣವನ್ನು ಚಾರ್ಟಿನ ಮೇಲೆ ತುಂಬಿ ಮಕ್ಕಳನ್ನು ಹೆದರಿಸಬೇಡಿ. ಬಾಶೆ ಇರುವುದು ಆಡುವವರಿಗೆ.

ಗಣಪಿ:

‘ಒಡ್ಡಿಕೆ’ ಸರಿಯಾದ ದಾರಿ. ಅದರ ಬೇರನ್ನು ಯಾರೂ ಹೇಳಲಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಒಡ್ಡು ಎಂದರೆ ಮುಂದೆ ಹಿಡಿ, ಎದುರಿಗೆ ಇಡು. ಕೈಯೊಡ್ಡುತ್ತೇವೆ, ಮೈಯೊಡ್ಡುತ್ತೇವೆ, ಸವಾಲೊಡ್ಡುತ್ತೇವೆ. ಹಳಗನ್ನಡದಲ್ಲಿ ಸೇನೆಯನ್ನು ಅಣಿಗೊಳಿಸಿ ನಿಲ್ಲಿಸುವುದೂ ಒಡ್ಡುವುದೇ. ಒಡ್ಡು + ಓಲಗ = ಒಡ್ಡೋಲಗ. ನಮ್ಮ ಕಡೆ ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬಂದು ತನ್ನನ್ನು ತೋರಿಸಿಕೊಳ್ಳುವುದಕ್ಕೆ ಇವತ್ತಿಗೂ ಒಡ್ಡೋಲಗ ಎನ್ನುತ್ತಾರೆ. ಹಿಂದೆ ಅದು ದೀವಟಿಗೆಯ ಬೆಳಕಿನಲ್ಲೇ ನಡೆಯುತ್ತಿತ್ತು. ಮುಖವನ್ನು ಬೆಳಕಿಗೆ ಒಡ್ಡುವುದು ಎಂಬ ಮಾತು ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಸಿಗಬೇಕು? ಹಾಗಾಗಿ ನನ್ನ ಸೂಚನೆ: ಎಕ್ಸ್‌ಪೋಶರ್ = ಬೆಳಕೋಲಗ.

ವಿದ್ಯಾ:

ಗಣಪಿ ಅವರೇ, ಓಲಗ ಅಂದರೆ ನಮ್ಮ ಮೈಸೂರು ಕಡೆ ಮದುವೆ ಮನೆಯ ವಾದ್ಯ. ಬೆಳಕೋಲಗ ಅಂದರೆ ಆರ್ಕೆಸ್ಟ್ರಾ ಅಂದುಕೊಳ್ಳುತ್ತಾರೆ.

ನಾನು ಮೊಬೈಲ್ ಆ್ಯಪ್‌ಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಪದ ಚಿಕ್ಕದಿರಬೇಕು, ಗುಂಡಿಯ ಮೇಲೆ ಕೂರಬೇಕು. ‘ನ್ಯೂನೋದ್ಭಾಸನ’ ಕೂರುವುದಿಲ್ಲ. ‘ಕೊರೆಯೊಡ್ಡಿಕೆ’ ಕೂತರೂ ಏನು ಕೊರೆಯುತ್ತಿದ್ದಾರೆ ಅಂತ ಕೇಳುತ್ತಾರೆ.

ಚನ್ನ ಅವರ ಪಟ್ಟಿಯಲ್ಲಿ ಹಿಂಬೆಳಕು, ಬೆಳಕಿಂಡಿ, ಮಿಣುಕು ಮೂರೂ ಒಳ್ಳೆಯವು. ಬೆಳಕಿಂಡಿ ಹಳೇ ಮನೆಗಳಲ್ಲಿ ಇರುವಂಥದ್ದೇ, ಗದಗದ ಮಕ್ಕಳಿಗೆ ಕಣ್ಣ ಮುಂದೆ ಬರುತ್ತದೆ. ಆದರೆ ‘ತುಂಬುಬೆಳಕು’ ತಪ್ಪು. ತುಂಬು ಹೊಳೆ, ತುಂಬು ಗರ್ಭಿಣಿ, ತುಂಬು ಮನಸ್ಸು. ಹೆಸರಿಗೆ ಮೊದಲು ‘ತುಂಬು’ ಬಂದರೆ ತುಂಬಿದ, ಪೂರ್ತಿ ಇರುವ ಅಂತ ಅರ್ಥ. ಫಿಲ್ ಲೈಟ್ ಇದಕ್ಕೆ ತದ್ವಿರುದ್ಧ. ಅದು ಕೀಗಿಂತ ಕಡಿಮೆಯೇ ಇರಬೇಕು. ಇಂಗ್ಲಿಷಿನ ಪದವನ್ನು ಕಿತ್ತು ಕನ್ನಡದ ಕುಂಡದಲ್ಲಿ ನೆಟ್ಟರೆ ಹೀಗೇ ಆಗುವುದು. ‘ಜೊತೆಬೆಳಕು’ ಅಂದರೆ ಹೇಗೆ?

ಸದ್ಯ ಕೀ ಲೈಟನ್ನು ಯಾರೂ ‘ಕೀಲಿ ಬೆಳಕು’ ಮಾಡಲಿಲ್ಲ. ಗದಗದಲ್ಲಿ ಕೀಲಿ ಅಂದರೆ ಬೀಗ.

ಚನ್ನ:

ತುಂಬು ಬೇಡವಾದರೆ ಬೇಡ. ಜೊತೆಬೆಳಕು ಒಪ್ಪಿದೆ.

ಬಾಬು:

ಸುಮಾ ಮೇಡಂ, ನಾನು ಲೈಟ್ ಡಿಪಾರ್ಟ್‌ಮೆಂಟಿನವನು. ಈ ಗುಂಪಿಗೆ ನನ್ನ ತಂಗಿ ಸೇರಿಸಿದ್ದಾಳೆ, ಸುಮ್ನೆ ಓದಿಕೊಂಡಿರುತ್ತೇನೆ. ಸೆಟ್ಟಿನಲ್ಲಿ ಏನನ್ನುತ್ತಾರೆ ಅಂತ ಹೇಳುತ್ತೇನೆ. ಬೇಕಾದ್ದು ತಗೊಳ್ಳಿ.

ಎಕ್ಸ್‌ಪೋಶರ್ ಅಂತ ಕೆಲಸದ ಮಧ್ಯೆ ಯಾರೂ ಅಷ್ಟಾಗಿ ಕೂಗುವುದಿಲ್ಲ. ‘ಮುಖ ಬರ್ನ್ ಆಗ್ತಿದೆ’, ‘ಕಿಟಕಿ ಬ್ಲೀಚ್ ಹೊಡೀತಿದೆ’, ‘ಡಲ್ ಇದೆ’, ‘ಅರ್ಧ ಸ್ಟಾಪ್ ಕಮ್ಮಿ ಮಾಡು’ ಇಷ್ಟೇ. ಸ್ಟಾಪ್ ಅಂದರೆ ಬೆಳಕು ಏರಿಸಿ ಇಳಿಸುವ ಮೆಟ್ಟಿಲು. ಎಕ್ಸ್‌ಪೋಶರ್ ಅಂತ ಬಾಯಿ ತುಂಬಾ ಹೇಳುವವರು ದುಡ್ಡು ಕೊಡದ ಪ್ರೊಡ್ಯೂಸರು. ‘ಪೇಮೆಂಟ್ ಇಲ್ಲಪ್ಪ, ಎಕ್ಸ್‌ಪೋಶರ್ ಸಿಗುತ್ತೆ’ ಅಂತಾರೆ.

ನಾನು ಮೊದಲು ಕೆಲಸ ಕಲಿತ ಯೂನಿಟ್ಟಿನ ಹಿರಿಯರೊಬ್ಬರು ‘ಹದ ಬಂತಾ?’ ಅಂತ ಕೇಳುತ್ತಿದ್ದರು. ‘ಹದ ಜಾಸ್ತಿ ಆಯ್ತು, ಇಳಿಸು.’ ನನಗೆ ಈಗಲೂ ಅದೇ ಬಾಯಿಗೆ ಬರುವುದು. ‘ಬೆಳಕಿನ ಹದ’ ಅಂತ ಬರೆದರೆ ಆಗಲ್ವಾ?

‘ಮೇಲ್ಬೆಳಕು’ ಮಾತ್ರ ದಯವಿಟ್ಟು ಬರೆಯಬೇಡಿ. ಓದಿದ ಹುಡುಗ ಒಯ್ದು ದೀಪವನ್ನು ನೆತ್ತಿಯ ಮೇಲೆ ಕಟ್ಟುತ್ತಾನೆ. ಅದು ಟಾಪ್ ಲೈಟ್. ಕಣ್ಣಿನ ಗುಳಿ ಪೂರಾ ಕಪ್ಪಾಗುತ್ತದೆ, ಮೂಗಿನ ನೆರಳು ತುಟಿಗೆ ಬೀಳುತ್ತದೆ. ಕೀ ಅಂದರೆ ಮುಖವನ್ನು ಎತ್ತಿ ತೋರಿಸುವ ಮುಖ್ಯ ದೀಪ. ಸಾಮಾನ್ಯವಾಗಿ ಓರೆಯಾಗಿ, ಕಣ್ಣಿಗಿಂತ ಸ್ವಲ್ಪ ಮೇಲಿಂದ ಬರುತ್ತದೆ. ‘ಮುಖ್ಯ ಬೆಳಕು’ ಅಂತ ಬರೆದು ಮುಗಿಸಿ.

ದುಡ್ಡಿಲ್ಲದವರು ಆ ಎರಡು ಎಲ್‌ಇಡಿಯನ್ನೇ ಕೀ ಮಾಡಲು ಹೋಗಬಾರದು. ಕಿಟಕಿಯೇ ಕೀ. ಹುಡುಗಿಯನ್ನು ಕಿಟಕಿಗೆ ಓರೆಯಾಗಿ ಕೂರಿಸಿ. ಕತ್ತಲೆ ಕೆನ್ನೆಯ ಕಡೆ ಥರ್ಮಾಕೋಲ್ ಹಿಡಿಯಿರಿ. ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ದೂರ ಒಯ್ದರೆ ಗಾಢವಾಗುತ್ತದೆ. ಫಿಲ್ ಅಂದರೆ ಅಷ್ಟೇ. ಒಂದು ಎಲ್‌ಇಡಿ ಹಿಂದಿನಿಂದ, ಕ್ಯಾಮೆರಾಗೆ ಕಾಣದ ಹಾಗೆ, ಕೂದಲಿಗೆ ಭುಜಕ್ಕೆ ತಾಗಲಿ. ನೀವು ಹೇಳುವ ಹಿಂಬೆಳಕು ಅದು. ಗೋಡೆಯಿಂದ ಮನುಷ್ಯ ಬಿಡಿಸಿಕೊಂಡು ನಿಲ್ಲುತ್ತಾನೆ. ಥರ್ಮಾಕೋಲಿನ ಇನ್ನೊಂದು ಮುಖಕ್ಕೆ ಕಪ್ಪು ಬಟ್ಟೆ ಅಂಟಿಸಿಕೊಳ್ಳಿ. ಬೆಳಕು ಕತ್ತರಿಸಬೇಕಾದಾಗ ಅದೇ ‘ಕಟರ್’.

ಡಿಫ್ಯೂಶನ್‌ಗೆ ನಾವು ಬಟರ್ ಪೇಪರ್ ಅಂತ ವಸ್ತುವಿನ ಹೆಸರೇ ಹೇಳುತ್ತೇವೆ. ‘ಬಟರ್ ಹಾಕು’ ಅಂದರೆ ಮೆತ್ತಗೆ ಮಾಡು ಅಂತ. ಬಿಳಿ ಪಂಚೆಯೂ ನಡೆಯುತ್ತದೆ. ಹ್ಯಾಲೋಜನ್ ದೀಪವಾದರೆ ಪೇಪರನ್ನು ತಾಗಿಸಬೇಡಿ, ಹೊತ್ತಿಕೊಳ್ಳುತ್ತದೆ. ಇದನ್ನು ಚಾರ್ಟಿನಲ್ಲಿ ಕೆಂಪಕ್ಷರದಲ್ಲಿ ಹಾಕಿ.

ಫ್ಲಿಕರ್ ವಿಷಯ. ನಮ್ಮ ಕರೆಂಟು 50 ಹರ್ಟ್ಸ್. ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮೊಬೈಲಿನವರು ಸೆಕೆಂಡಿಗೆ 30 ಫ್ರೇಮು, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) 1/60 ಸೆಕೆಂಡು ಅಂತ ಬಿಟ್ಟಿರುತ್ತಾರೆ. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಕೆಳಗೆ ಪರದೆಯ ಮೇಲೆ ಪಟ್ಟೆ ಹರಿಯುತ್ತದೆ. 25 ಫ್ರೇಮು, ಶಟರ್ 1/50 ಇಡಿ. ಬೆಳಕು ಜಾಸ್ತಿ ಇದ್ದರೆ 1/100. ಪದ ಏನೇ ಇರಲಿ, ಈ ಅಂಕಿ ಗೋಡೆ ಮೇಲೆ ಇರಲಿ.

ಎನ್ಆರ್:

‘ಹದ’ ಪಾರಿಭಾಷಿಕವಲ್ಲ. ಹದ ಎಂದರೆ ಸರಿಯಾದ ಪ್ರಮಾಣ. ಎಕ್ಸ್‌ಪೋಶರ್ ಎಂದರೆ ಬರಿಯ ಪ್ರಮಾಣ, ಸರಿಯೂ ಇರಬಹುದು, ತಪ್ಪೂ ಇರಬಹುದು. ‘ತಪ್ಪು ಹದ’ ಎನ್ನುವಿರಾ? ಅದು ವದತೋವ್ಯಾಘಾತ, ತನ್ನನ್ನೇ ಅಲ್ಲಗಳೆಯುವ ಮಾತು.

ವಿದ್ಯಾ:

ಮೇಷ್ಟ್ರ ಮಾತಿನಲ್ಲಿ ಅರ್ಧ ಸತ್ಯ ಇದೆ. ‘ಎಕ್ಸ್‌ಪೋಶರ್ ಎಷ್ಟಿದೆ?’ ಅನ್ನುವ ಕಡೆ ‘ಹದ ಎಷ್ಟಿದೆ?’ ಅನ್ನಲಾಗುವುದಿಲ್ಲ. ಹದಕ್ಕೆ ‘ಎಷ್ಟು’ ಹತ್ತುವುದಿಲ್ಲ, ‘ಹೇಗೆ’ ಹತ್ತುತ್ತದೆ.

ಆದರೆ ಹದ ತಪ್ಪುತ್ತದೆ, ಹದ ಮೀರುತ್ತದೆ, ಹದ ಕೆಡುತ್ತದೆ. ಪಾಕಕ್ಕೂ ಮಣ್ಣಿಗೂ ಇವನ್ನೆಲ್ಲ ಹೇಳುತ್ತಲೇ ಬಂದಿದ್ದೇವೆ. ಓವರ್‌ಗೆ ‘ಹದ ಮೀರಿದೆ’, ಅಂಡರ್‌ಗೆ ‘ಹದ ಸಾಲದು’. ಎರಡಕ್ಕೂ ನಾಮಪದ ಯಾಕೆ ಬೇಕು? ಕನ್ನಡದಲ್ಲಿ ಕ್ರಿಯಾಪದ ಇಟ್ಟು ಹೇಳುವುದು ಸಲೀಸು. ‘ಅತ್ಯುದ್ಭಾಸನವಾಗಿದೆ’ ಅನ್ನುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ.

ಬರಿಯ ಪ್ರಮಾಣ ಹೇಳಬೇಕಾದಾಗ ‘ಬೆಳಕಿನ ಅಳತೆ’ ಅನ್ನಿ. ಅಳತೆ ನೋಡಿ ಹದ ಮಾಡು. ಎರಡೂ ಕೆಲಸಕ್ಕೆ ಬರುತ್ತವೆ.

ಗಣಪಿ:

‘ಬೆಳಗು’ ಎಂಬ ಕ್ರಿಯಾಪದವನ್ನೇ ಮರೆತಿರಲ್ಲ! ಬೆಳ್, ಬಿಳಿ, ಬೆಳ್ಳಿ, ಬೆಳಕು, ಬೆಳಗು ಎಲ್ಲ ಒಂದೇ ಮನೆಯವು. ಎಕ್ಸ್‌ಪೋಶರ್ = ಬೆಳಗಿಕೆ. ಓವರ್ = ಹೆಬ್ಬೆಳಗಿಕೆ.

ವಿದ್ಯಾ:

ಪಾತ್ರೆ ಬೆಳಗುವುದನ್ನು ಏನು ಮಾಡೋಣ?

ಗಣಪಿ:

ಪಾತ್ರೆ ಬೆಳಗಿದರೂ ಬೆಳಕು ಬರುತ್ತದೆ. ಅದೇ ಬೇರು. ನಗುವಂಥದ್ದೇನಿಲ್ಲ.

ಸುಮಾ:

ಬಾಬು ಅವರೇ, ತುಂಬಾ ಥ್ಯಾಂಕ್ಸ್. ನಾನು ಪದ ಕೇಳಿದೆ, ನೀವು ಪಾಠವನ್ನೇ ಕೊಟ್ಟಿರಿ. ಎರಡು ಸಂದೇಹ.

ಒಂದು, ಮೊಬೈಲಿನಲ್ಲಿ ಬೆಳಕಿಂಡಿ ಹಿಗ್ಗಿಸಿ ಕುಗ್ಗಿಸಲು ಬರುವುದಿಲ್ಲ ಅಲ್ವಾ? ಹಾಗಾದರೆ ಆ ಚಾರ್ಟೇ ಬೇಡವೇ? ಎರಡು, ಹೋದ ಸಲ ಒಬ್ಬ ಹುಡುಗ ತನ್ನ ಅಜ್ಜಿಯನ್ನು ಸುಣ್ಣದ ಗೋಡೆ ಮುಂದೆ ನಿಲ್ಲಿಸಿ ತೆಗೆದ. ಗೋಡೆ ಬೂದಿ ಬಣ್ಣ ಆಯಿತು, ಅಜ್ಜಿಯ ಮುಖ ಕಾಣಲೇ ಇಲ್ಲ. ‘ನಮ್ಮಜ್ಜಿ ಕಪ್ಪು ಇದ್ದಾರೆ, ಅದಕ್ಕೆ’ ಅಂದ. ಅದು ನನ್ನ ಮನಸ್ಸಿಗೆ ನಾಟಿತು. ಇದನ್ನು ಹೇಳಲು ಒಂದು ಚಾರ್ಟ್ ಬೇಕು.

ಬಾಬು:

ಮೊಬೈಲಿನಲ್ಲಿ ಬೆಳಕಿಂಡಿ ಸಾಮಾನ್ಯವಾಗಿ ಇದ್ದಷ್ಟೇ ಇರುತ್ತದೆ. ಉಳಿಯುವುದು ಶಟರ್ ಮತ್ತು ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅಂತ ಹೇಳುವ ಐಎಸ್‌ಒ. ಆದರೂ ಚಾರ್ಟ್ ಇರಲಿ, ಆ ಹಳೇ ಕ್ಯಾಮೆರಾ ಇದೆಯಲ್ಲ. ಕಿಂಡಿಯ ಅಗಲ ಹೇಳುವ ಎಫ್ ಅಂಕಿ ದೊಡ್ಡದಾದರೆ ಕಿಂಡಿ ಚಿಕ್ಕದು ಅಂತ ಬರೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಎಫ್ 2ರಿಂದ 2.8ಕ್ಕೆ, 2.8ರಿಂದ 4ಕ್ಕೆ ಹೋದಾಗ ಪ್ರತಿ ಸಲ ಬೆಳಕು ಅರ್ಧ ಆಗುತ್ತದೆ. ಒಂದು ಸ್ಟಾಪ್ ಅಂದರೆ ಅದು. ಸ್ಟಾಪಿಗೆ ಕನ್ನಡ ಹುಡುಕಬೇಡಿ, ಕೈ ಮುಗಿದು ಕೇಳುತ್ತೇನೆ.

ಅಜ್ಜಿಯ ಮುಖ ಕಾಣದ್ದು ಅಜ್ಜಿಯ ತಪ್ಪಲ್ಲ. ಕ್ಯಾಮೆರಾದ ಆಟೋಗೆ ಎದುರಿಗಿರುವುದು ಸುಣ್ಣದ ಗೋಡೆಯೋ ಮುಖವೋ ತಿಳಿಯುವುದಿಲ್ಲ. ಒಟ್ಟು ಚಿತ್ರವನ್ನು ನಡುವಣ ಬೂದಿಗೆ ತರಲು ನೋಡುತ್ತದೆ. ಫ್ರೇಮಿನ ತುಂಬಾ ಬಿಳಿ ಗೋಡೆ ಇದ್ದರೆ ‘ಬೆಳಕು ಜಾಸ್ತಿ ಇದೆ’ ಅಂತ ಇಳಿಸುತ್ತದೆ. ಗೋಡೆ ಬೂದಿ ಆಗುತ್ತದೆ, ಮುಖ ಕತ್ತಲಾಗುತ್ತದೆ. ಕಪ್ಪು ಬಾಗಿಲ ಮುಂದೆ ನಿಲ್ಲಿಸಿದರೆ ಉಲ್ಟಾ, ಮುಖ ಬಿಳಚಿಕೊಳ್ಳುತ್ತದೆ. ಅದಕ್ಕೆ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬಹಳಷ್ಟು ಮೊಬೈಲಿನಲ್ಲಿ ಹದ ಅಲ್ಲೇ ಲಾಕ್ ಆಗುತ್ತದೆ. ಆಮೇಲೆ ಬೇಕಾದಷ್ಟು ಏರಿಸಿ ಇಳಿಸಿ. ಆಮೇಲೆ, ಅಜ್ಜಿಯನ್ನು ಗೋಡೆಗೆ ಅಂಟಿಸಿ ನಿಲ್ಲಿಸಬೇಡಿ. ಗೋಡೆಯಿಂದ ನಾಲ್ಕು ಹೆಜ್ಜೆ ಮುಂದೆ ತಂದು ಕಿಟಕಿ ಪಕ್ಕ ಕೂರಿಸಿ. ಮುಖದ ಮೇಲೆ ಗೋಡೆಗಿಂತ ಜಾಸ್ತಿ ಬೆಳಕು ಬಿದ್ದರೆ ಮುಗಿಯಿತು. ಕಪ್ಪು ಮೈಬಣ್ಣದ ಮೇಲೆ ಪಕ್ಕದಿಂದ ಬರುವ ದೊಡ್ಡ ಮೆತ್ತನೆ ಬೆಳಕು ಎಷ್ಟು ಚೆನ್ನಾಗಿ ಮಿನುಗುತ್ತದೆ ಅಂತ ಆ ಹುಡುಗನಿಗೆ ತೋರಿಸಿ.

ಇನ್ನೊಂದು. ಡಿಜಿಟಲ್‌ನಲ್ಲಿ ಪೂರ್ತಿ ಸುಟ್ಟುಹೋದ ಬಿಳುಪು ವಾಪಸ್ ಬರುವುದಿಲ್ಲ. ಕತ್ತಲೆಯನ್ನು ಆಮೇಲೆ ಒಂದಿಷ್ಟು ಎತ್ತಬಹುದು, ಕಾಳು ಕಾಳಾಗಿ ಕಾಣುತ್ತದೆ, ಆದರೂ ಏನೋ ಇರುತ್ತದೆ. ಸಂಶಯ ಬಂದರೆ ಅರ್ಧ ಸ್ಟಾಪ್ ಕೆಳಗೇ ಇರಿ.

ಎನ್ಆರ್:

ವಿಷಯಕ್ಕೆ ಬನ್ನಿ. ಬೌನ್ಸ್‌ಗೆ ‘ಪ್ರತಿಫಲನ’ ಪಠ್ಯಪುಸ್ತಕದಲ್ಲಿ ಸಿದ್ಧವಾಗಿರುವ ಪದ. ಎಂಟನೇ ತರಗತಿಯ ಮಗುವಿಗೂ ಗೊತ್ತು. ಇದ್ದ ಪದ ಬಿಟ್ಟು ‘ಪುಟಿ’ ಯಾಕೆ? ಚೆಂಡೇ ಅದು?

ಬಾಬು:

ಸರ್, ಎರಡೂ ಬೇರೆ ಬೇರೆ. ಕನ್ನಡಿಗೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಹೋಗುತ್ತದೆ, ಗಡುಸಾಗಿಯೇ ಇರುತ್ತದೆ. ಥರ್ಮಾಕೋಲಿಗೆ ಬಿದ್ದದ್ದು ನಾಲ್ಕು ಕಡೆ ಚೆದುರಿ ಮೆತ್ತಗಾಗುತ್ತದೆ. ಸೆಟ್ಟಿನಲ್ಲಿ ‘ರಿಫ್ಲೆಕ್ಟರ್ ತಾ’ ಅಂದರೆ ಒಂದು, ‘ಬೌನ್ಸ್ ಕೊಡು’ ಅಂದರೆ ಇನ್ನೊಂದು. ಒಂದೇ ಪದ ಇಟ್ಟರೆ ಹುಡುಗ ಮನೆಯಿಂದ ಕನ್ನಡಿ ತಂದು ಅಜ್ಜಿಯ ಕಣ್ಣಿಗೆ ಬಿಸಿಲು ಹೊಡೆಯುತ್ತಾನೆ.

ಎರಡಕ್ಕೂ ದೊಡ್ಡವರ ಉದಾಹರಣೆಯೇ ಇದೆ. ನಮ್ಮ ಮೈಸೂರಿನ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಅವರು 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನೇ ಸ್ಟುಡಿಯೋ ಒಳಗೆ ತಿರುಗಿಸಿದರು. ಕತ್ತಲೆ ನಡುವೆ ನೆಟ್ಟಗೆ ಇಳಿದ ಆ ಬೆಳಕು ಬಂದದ್ದು ಹಾಗೆ. ಅದು ನಿಮ್ಮ ಪ್ರತಿಫಲನ. ಕಲ್ಕತ್ತೆಯ ಕ್ಯಾಮೆರಾಮನ್ ಸುಬ್ರತ ಮಿತ್ರ 1956ರ ಬಂಗಾಳಿ ಸಿನಿಮಾ ‘ಅಪರಾಜಿತೋ’ಗೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಆ ಬಟ್ಟೆಗೆ ಹೊಡೆದು ಕೆಳಗಿಳಿಸಿದರು. ಆಕಾಶದಿಂದ ಬಂದ ಹಾಗೆ ನೆರಳಿಲ್ಲದ ಬೆಳಕು. ಅದು ಬೌನ್ಸ್. ಎರಡನ್ನೂ ಒಂದೇ ಪದದಲ್ಲಿ ಹೇಳಿದರೆ ಅವರಿಬ್ಬರಿಗೂ ಬೇಜಾರಾಗುತ್ತದೆ.

ಗಣಪಿ:

ಮೂರ್ತಿಯವರ ಆ ಬೆಳಕಿಗೆ ಕನ್ನಡದಲ್ಲಿ ಬಹಳ ಒಳ್ಳೆಯ ಪದ ಇದೆ: ಬಿಸಿಲುಕೋಲು. ಹೆಂಚಿನ ಸಂದಿಯಿಂದ ಅಡುಗೆಮನೆಯ ಹೊಗೆಗೆ ಇಳಿಯುತ್ತದಲ್ಲ, ಅದು. ಚಾರ್ಟಿಗೆ ಹಾಕಿ.

ಬಾಬು:

ಇದು ಒಳ್ಳೆಯದು. ಹೊಗೆಯೋ ಧೂಳೋ ಇಲ್ಲದಿದ್ದರೆ ಕೋಲು ಕಾಣುವುದಿಲ್ಲ. ಊದುಬತ್ತಿ ಸಾಕು, ಮಷೀನ್ ಬೇಡ.

ಎನ್ಆರ್:

ಚೆದುರಿದರೂ ಅದು ಪ್ರತಿಫಲನವೇ. ಭೌತಶಾಸ್ತ್ರದಲ್ಲಿ ಕ್ರಮ ಪ್ರತಿಫಲನ, ಚದುರಿದ ಪ್ರತಿಫಲನ ಎಂದು ಎರಡು ಬಗೆ ಇವೆ. ಹೊಸ ಪದ ಅನವಶ್ಯ. ಎಲ್ಲರೂ ಪದ ಹುಟ್ಟಿಸಲು ಹೊರಟರೆ ಒಂದು ಜಿಲ್ಲೆಯ ಪುಸ್ತಕ ಇನ್ನೊಂದು ಜಿಲ್ಲೆಯವನಿಗೆ ಅರ್ಥವಾಗದು. ಸಂಸ್ಕೃತ ಪದವಿದ್ದರೆ ಕಾಸರಗೋಡಿನಿಂದ ಬೀದರಿನವರೆಗೆ ಒಂದೇ.

ಚನ್ನ:

> ಸಂಸ್ಕೃತ ಪದವಿದ್ದರೆ ಕಾಸರಗೋಡಿನಿಂದ ಬೀದರಿನವರೆಗೆ ಒಂದೇ

ಹೌದು. ಎರಡೂ ಕಡೆ ಒಂದೇ ರೀತಿ ಯಾರಿಗೂ ತಿಳಿಯುವುದಿಲ್ಲ. ಸಂಸ್ಕ್ರುತದಿಂದ ತಂದರೆ ಅದು ಎರವಲಲ್ಲವೇ? ಇಂಗ್ಲಿಶಿನಿಂದ ತಂದರೆ ಮಾತ್ರ ಎರವಲೇ? ‘ದೀಪ’ವೇ ನಮ್ಮದಲ್ಲ. ನಮ್ಮದು ಸೊಡರು.

ಎನ್ಆರ್:

ಹಾಗಾದರೆ ದೀಪಾವಳಿಗೆ ‘ಸೊಡರುಸಾಲು’ ಎನ್ನಿ. ನಿಮ್ಮ ಮನೆಯಲ್ಲೇ ಶುರುಮಾಡಿ.

ಗಣಪಿ:

ದೀಪಕ್ಕೆ ಮೂರು ಕಡೆಯಿಂದ ಪದ ಬಂದಿದೆ, ಯಾರೂ ಕೇಡು ಕಂಡಿಲ್ಲ. ‘ಕಂದೀಲು’ ಅರಬ್ಬಿಯಿಂದ ಬಂತು. ‘ಲಾಟೀನು’, ‘ಲಾಂದ್ರ’ ಯೂರೋಪಿನಿಂದ. ‘ಬತ್ತಿ’ ಸಂಸ್ಕೃತದ ‘ವರ್ತಿ’ ಸವೆದು ಆದದ್ದು. ಆದರೆ ಒಡ್ಡು ಮಾತ್ರ

ನಿರ್ವಾಹಕ:

ಗಣಪಿಯವರ ಪತ್ರ ಅರ್ಧಕ್ಕೇ ಬಂದಿದೆ. ಉಳಿದದ್ದನ್ನು ಕಳಿಸದಿದ್ದರೂ ನಡೆಯುತ್ತದೆ.

ಚನ್ನ:

ಒಂದು ಮಾತು ಹೇಳಿ ಬಿಡುತ್ತೇನೆ. ಕ್ಯಾಮೆರಾ ಹಿಡಿದವರನ್ನು ‘ಛಾಯಾಗ್ರಾಹಕ’ ಅಂತ ಕರೆದಿರಿ. ಫೋಟೋ ಅಂದರೆ ಗ್ರೀಕಿನಲ್ಲಿ ಬೆಳಕು. ಛಾಯೆ ಅಂದರೆ ನೆರಳು. ಬೆಳಕಿನ ಕೆಲಸಕ್ಕೆ ನೆರಳಿನ ಹೆಸರು ಕೊಟ್ಟು, ಅದರ ಹಿಂದೆ ‘ಗ್ರಹಣ’ ಬೇರೆ ಹಿಡಿಸಿದಿರಿ. ಇದು ನಿಮ್ಮ ಪಾರಿಬಾಶಿಕ!

ಎನ್ಆರ್:

ಛಾಯೆಗೆ ಕಾಂತಿ, ಬಿಂಬ, ಬಣ್ಣ ಎಂಬ ಅರ್ಥಗಳೂ ಉಂಟು. ನಿಘಂಟು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಬಾಬು:

ನನಗೆ ಛಾಯೆ ಅನ್ನುವುದೇ ಇಷ್ಟ ಸರ್. ದೀಪ ಯಾರು ಬೇಕಾದರೂ ಹಚ್ಚುತ್ತಾರೆ. ನೆರಳು ಎಲ್ಲಿ ಬೀಳಬೇಕು ಅಂತ ಗೊತ್ತಿರುವವನೇ ಕ್ಯಾಮೆರಾಮನ್. ಕನ್ನಡ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ‘ಛಾಯಾಗ್ರಹಣ’ ಅಂತ ಬಂದರೆ ನಮಗೆಲ್ಲ ಒಂಥರಾ ಹೆಮ್ಮೆ. ಮೂರ್ತಿ ಅವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಾಗ ಯೂನಿಟ್ಟುಗಳಲ್ಲಿ ಅದೇ ಮಾತು. ಅಲ್ಲಿವರೆಗೆ ಯಾವ ಛಾಯಾಗ್ರಾಹಕರಿಗೂ ಅದು ಬಂದಿರಲಿಲ್ಲ.

ವಿದ್ಯಾ:

ಎರವಲಿನ ಜಗಳಕ್ಕೆ ನನ್ನದೊಂದು ಲೆಕ್ಕ ಇದೆ. ಕೈಯಲ್ಲಿ ಹಿಡಿಯುವ ವಸ್ತುವಿನ ಹೆಸರು ಎರವಲಾದರೆ ಚಿಂತೆ ಇಲ್ಲ. ಥರ್ಮಾಕೋಲ್, ಬಟರ್ ಪೇಪರ್, ಕಟರ್, 1/50ಕ್ಕೆ ತಿರುಗಿಸುವ ಶಟರ್ ಎಲ್ಲ ಹಾಗೇ ಇರಲಿ. ಅಂಗಡಿಗೆ ಹೋಗಿ ಕೇಳಬೇಕಲ್ಲ. ತಲೆಯಲ್ಲಿ ಮೂಡಬೇಕಾದ್ದಕ್ಕೆ ಮಾತ್ರ ಕನ್ನಡ ಬೇಕು. ಹದ, ಜೊತೆಬೆಳಕು, ಹಿಂಬೆಳಕು ಕೇಳಿದ ಕೂಡಲೇ ಏನು ಮಾಡಬೇಕು ಅಂತ ತಿಳಿಯುತ್ತದೆ. ‘ವಿಸರಣ’ ಕೇಳಿದರೆ ತಿಳಿಯುವುದಿಲ್ಲ, ‘ಡಿಫ್ಯೂಶನ್’ ಕೇಳಿದರೂ ತಿಳಿಯುವುದಿಲ್ಲ. ಮೆತ್ತನೆ ಬೆಳಕು ಅಂದರೆ ತಿಳಿಯುತ್ತದೆ.

ಡಿಫ್ಯೂಶನ್‌ಗೆ ‘ಸೋಸಿದ ಬೆಳಕು’ ಅಂತ ಯಾರಾದರೂ ಹೇಳುವ ಮೊದಲೇ ಬೇಡ ಅನ್ನುತ್ತೇನೆ. ಮುಂದೆ ಫಿಲ್ಟರ್ ಪಾಠ ಬಂದಾಗ ಸೋಸುವುದು ಅಲ್ಲಿಗೆ ಬೇಕಾಗುತ್ತದೆ.

ಎನ್ಆರ್:

ವಸ್ತುವಿಗೆ ಒಂದು ನ್ಯಾಯ, ಭಾವಕ್ಕೆ ಒಂದು ನ್ಯಾಯ. ಇದಕ್ಕೆ ವ್ಯಾಕರಣದಲ್ಲಿ ಆಧಾರವಿಲ್ಲ.

ವಿದ್ಯಾ:

ಅಡುಗೆಮನೆಯಲ್ಲಿ ಇದೆ ಸರ್. ಕುಕ್ಕರ್ ಇಂಗ್ಲಿಷು, ಬೇಯುವುದು ಕನ್ನಡ.

ಸುಮಾ:

ಫೈಲ್ ಕೊಟ್ಟು ಬಂದೆ. ಏನು ಹಾಕಿದೆ ಅಂತ ಹೇಳುತ್ತೇನೆ, ಬೈಯುವವರು ಈಗ ಬೈಯಬಹುದು.

ಮೊದಲ ಚಾರ್ಟ್: ಬೆಳಕಿನ ಹದ. ಕೆಳಗೆ ‘ಹದ ಮೀರಿದೆ’, ‘ಹದ ಸಾಲದು’ ಅಂತ ಎರಡು ಫೋಟೋ. ಅಂಕಿ ಬರುವ ಕಡೆಯಲ್ಲೆಲ್ಲ ‘ಬೆಳಕಿನ ಅಳತೆ’. ಎರಡನೆಯದು ಬೆಳಕಿಂಡಿ, ಪಕ್ಕದಲ್ಲಿ ಎಫ್ ಅಂಕಿಗಳ ಚಿತ್ರ. ಮೂರನೆಯದರಲ್ಲಿ ಮುಖ್ಯ ಬೆಳಕು, ಜೊತೆಬೆಳಕು, ಹಿಂಬೆಳಕು. ಕಿಟಕಿ, ಥರ್ಮಾಕೋಲ್, ಎಲ್‌ಇಡಿ ಎಲ್ಲಿರಬೇಕು ಅಂತ ಮೇಲಿನಿಂದ ನೋಡಿದ ನಕ್ಷೆ. ನಾಲ್ಕನೆಯದರಲ್ಲಿ ಪುಟಿಬೆಳಕು ಒಂದು ಕಡೆ, ಪ್ರತಿಫಲನ ಇನ್ನೊಂದು ಕಡೆ. ಎನ್ಆರ್ ಸರ್ ಪದವೂ ಉಳಿಯಿತು, ಚನ್ನ ಅವರದೂ ಉಳಿಯಿತು. ಐದನೆಯದು ಮಿಣುಕು, ಅದರಲ್ಲಿ 50 ಹರ್ಟ್ಸ್, 25 ಫ್ರೇಮು, 1/50 ದಪ್ಪ ಅಕ್ಷರದಲ್ಲಿ. ಹ್ಯಾಲೋಜನ್ ಎಚ್ಚರಿಕೆ ಮೆತ್ತನೆ ಬೆಳಕಿನ ಚಾರ್ಟಿನಲ್ಲಿ ಕೆಂಪಕ್ಷರದಲ್ಲಿ ಇದೆ.

ಸ್ಟಾಪ್, ಶಟರ್, ಐಎಸ್‌ಒ ಮುಟ್ಟಿಲ್ಲ. ಎಲ್ಲ ಕನ್ನಡ ಪದದ ಕೆಳಗೂ ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಸಣ್ಣದಾಗಿ ಹಾಕಿದ್ದೇನೆ. ನಾಳೆ ಇವರು ಬೆಂಗಳೂರಿನ ಸೆಟ್ಟಿಗೆ ಹೋದರೆ ‘ಕೀ ಎತ್ತು’ ಅಂದಾಗ ತಬ್ಬಿಬ್ಬಾಗಬಾರದು.

ಅಜ್ಜಿಯ ಚಾರ್ಟಿಗೆ ಮಾತ್ರ ಹೆಸರಿಟ್ಟಿಲ್ಲ. ‘ಗೋಡೆಯನ್ನಲ್ಲ, ಮುಖವನ್ನು ಮುಟ್ಟಿ’ ಅಂತ ಒಂದೇ ಸಾಲು, ಕೆಳಗೆ ಮೊಬೈಲಿನ ಪರದೆಯ ಮೇಲೆ ಬೆರಳು ಒತ್ತಿದ ಚಿತ್ರ.

ಬಾಬು:

ಮಿಕ್ಸ್ ಬೆಳಕು ಬಿಟ್ಟುಹೋಯಿತು ಮೇಡಂ. ಕಿಟಕಿಯ ಬೆಳಕು 5600 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸು, ಹಳದಿ ಬಲ್ಬು 3000ದ ಹತ್ತಿರ. ಎರಡೂ ಒಟ್ಟಿಗೆ ಇದ್ದರೆ ಒಂದು ಕೆನ್ನೆ ನೀಲಿ, ಒಂದು ಕೆನ್ನೆ ಹಳದಿ. ಬಲ್ಬ್ ಆರಿಸಿ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಸರಿಮಾಡುವ ಸೆಟ್ಟಿಂಗು) ಲಾಕ್ ಮಾಡಿ ಅಂತ ಬಾಯಲ್ಲಿ ಹೇಳಿಬಿಡಿ.

ಗಣಪಿ:

ವೈಟ್ ಬ್ಯಾಲೆನ್ಸ್‌ಗೆ ‘ಬಿಳಿಯೊಡ್ಡು’

ಚನ್ನ:

ಸುಮಾ ಅವರೇ, ಪಟ್ಟಿ ಚೆನ್ನಾಗಿದೆ. ಆದರೆ ‘ಮುಖ್ಯ’ದಲ್ಲಿ ‘ಖ’ ಯಾಕೆ? ‘ಮುಕ್ಯ’ ಸಾಕು.

ಎನ್ಆರ್:

ಇದಕ್ಕೆ ನಾನು ಉತ್ತರ ಕೊಡುವುದಿಲ್ಲ. ಉತ್ತರ ಹೀಗಿದೆ:

ನಿರ್ವಾಹಕ:

ಎನ್ಆರ್ ಅವರ ಪತ್ರವನ್ನು ‘ಮಹಾಪ್ರಾಣ ಬೇಕೇ ಬೇಡವೇ’ ಎಂಬ ಎಳೆಗೆ ಸಾಗಿಸಿದ್ದೇನೆ. ಚನ್ನ ಅವರೂ ಅಲ್ಲಿಗೇ ಹೋಗಬೇಕು. ಸುಮಾ ಅವರ ಪ್ರಶ್ನೆಗೆ ಉತ್ತರ ಸಿಕ್ಕಿರುವುದರಿಂದ ಈ ಎಳೆಯನ್ನು ಮುಚ್ಚಲಾಗಿದೆ. ಗಣಪಿಯವರು ‘ಒಡ್ಡು’ ಕುರಿತು ಬೇರೆಯೇ ಎಳೆ ಶುರುಮಾಡಬಹುದು.